ಬೇರಿನ ಮೈಮೇಲಿನ ನೆರಿಗೆ

ಬ್ಯಾಡಗಿ ಮೆಣಸಿನಕಾಯಿಯ ಚೆಲುವನ್ನು ಹೊಗಳಲು ಕೂತವರು ಕಾಯಿಯಿಂದಲೇ ಶುರು ಮಾಡುತ್ತಾರೆ. ಅವರದು ತಪ್ಪೆನ್ನಲಾರೆ. ಕಣದಲ್ಲಿ ಹರವಿದ ಆ ಕಡುಗೆಂಪು, ಬೆರಳ ನಡುವೆ ಒತ್ತಿದರೆ ಗರಗರ ಎನ್ನುವ ಸುಕ್ಕುಸುಕ್ಕು ಸಿಪ್ಪೆ, ಮೂಗಿಗೆ ಮೊದಲು ತಾಗುವ ಸಿಹಿಗಂಪು, ಅದರ ಹಿಂದೆ ಅವಸರವಿಲ್ಲದೆ ಬರುವ ಮೆತ್ತನೆಯ ಖಾರ. ಇದರಲ್ಲಿ ಡಬ್ಬಿ ಎಂಬ ಬಗೆಯ ಗುಂಡು ಮೈಯನ್ನು ಮೆಚ್ಚುವವರಿದ್ದಾರೆ, ಕಡ್ಡಿ ಎಂಬ ಬಗೆಯ ನೀಳ ಮೈಯನ್ನು ಮೆಚ್ಚುವವರಿದ್ದಾರೆ. ನಾನು ಎರಡೂ ಪಂಗಡದವನು. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಹಿಗ್ಗಿದವರಲ್ಲಿ ನಾನೂ ಒಬ್ಬ. ಆದರೂ ಹೊಲಕ್ಕೆ ಹೋದಾಗ ನನ್ನ ಕಣ್ಣು ಕಾಯಿಯ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಕಾಂಡ ಹಿಡಿದು ಕೆಳಗಿಳಿಯುತ್ತದೆ, ಬುಡ ದಾಟಿ ಮಣ್ಣಿನೊಳಗೆ ಹೋಗುತ್ತದೆ. ಮೆಣಸಿನ ಗಿಡದ ಅತಿ ಸೊಗಸಾದ ಭಾಗ ಅಲ್ಲಿದೆ ಎಂಬುದು ನನ್ನ ಹಟ.

ಒಂದು ಗಿಡವನ್ನು ಬೇರು ಹರಿಯದಂತೆ, ಸುತ್ತಲ ಹೆಂಟೆಯ ಸಮೇತ ಎತ್ತಿ ನೋಡಿ. ಹಾವೇರಿ, ಕುಂದಗೋಳ, ಗದಗ ಸೀಮೆಯ ಎರೆಮಣ್ಣು ಹಸಿಯಿದ್ದಾಗ ಕಾಲಿಗೆ ಮೆತ್ತಿ ಬಿಡುವುದೇ ಇಲ್ಲ, ಒಣಗಿದಾಗ ಸೀಳಿ ಬಾಯಿ ಬಿಡುತ್ತದೆ. ಎರಡರ ನಡುವಣ ಹದದಲ್ಲಿ ಎತ್ತಬೇಕು. ಮೆಲ್ಲಗೆ ಕೊಡವಿದರೆ ಹೆಂಟೆ ಉದುರುತ್ತದೆ. ಇನ್ನೊಮ್ಮೆ ಕೊಡವಿದರೆ ಪುಡಿ ಉದುರುತ್ತದೆ. ಎಷ್ಟು ಕೊಡವಿದರೂ ಬೇರನ್ನು ಬಿಡದ ಒಂದು ತೆಳ್ಳನೆಯ ಪದರ ಉಳಿಯುತ್ತದಲ್ಲ, ಅಲ್ಲಿ ಬೆರಳಿಡಿ. ಉಳಿದ ಮಣ್ಣಿಗಿಂತ ಅದು ತುಸು ಜಿಗುಟು, ತುಸು ಮೃದು. 1904ರಲ್ಲಿ ಲೊರೆಂಝ್ ಹಿಲ್ಟ್ನರ್ ಎಂಬ ಜರ್ಮನ್ ವಿಜ್ಞಾನಿ ಈ ಪದರವನ್ನು ಮಿಕ್ಕ ಮಣ್ಣಿನಿಂದ ಬೇರೆ ಮಾಡಿ ನೋಡಬೇಕೆಂದು ಹೇಳಿ ರೈಜೋಸ್ಫಿಯರ್ ಎಂದು ಹೆಸರಿಟ್ಟ. ನಾವು ಬೇರುವಲಯ ಎನ್ನೋಣ. ಗಿಡಕ್ಕೆ ರೋಗ ಬರುವುದೂ ಬಾರದಿರುವುದೂ ಕೆಲವೇ ಮಿಲಿಮೀಟರ್ ದಪ್ಪದ ಈ ಪದರದಲ್ಲಿ ಯಾರು ಬಿಡಾರ ಹೂಡಿದ್ದಾರೆ ಎಂಬುದನ್ನು ಅವಲಂಬಿಸಿದೆ ಎಂದು ಅವನು ಆಗಲೇ ಊಹಿಸಿದ್ದ. ಎಂಥ ಮೂಗು ಅವನದು!

ಆ ಜಿಗುಟು ಎಲ್ಲಿಂದ ಬಂತು? ಬೇರು ಹೀರುತ್ತದೆ ಎಂದಷ್ಟೇ ನಾವು ಶಾಲೆಯಲ್ಲಿ ಓದಿದ್ದು. ಅದು ಕೊಡುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ. ಎಲೆಗಳು ಬಿಸಿಲಿಗೆ ಮೈಯೊಡ್ಡಿ ತಯಾರಿಸಿದ್ದರಲ್ಲಿ ಒಳ್ಳೆಯ ಪಾಲನ್ನು ಗಿಡ ಬೇರಿನ ಮೂಲಕ ಮಣ್ಣಿಗೆ ಒಸರಿಸುತ್ತದೆ: ಸಕ್ಕರೆ, ಅಮೈನೋ ಆಮ್ಲ, ಸಾವಯವ ಆಮ್ಲಗಳು, ಬೇರಿನ ತುದಿ ಮುಂದೆ ಸರಿಯಲು ಬೇಕಾದ ಲೋಳೆ. ಇಷ್ಟು ದುಬಾರಿ ಸರಕನ್ನು ಗಿಡ ಸುಮ್ಮನೆ ಚೆಲ್ಲುವುದಿಲ್ಲ. ಕರೆಯುವುದಕ್ಕೆ ಚೆಲ್ಲುತ್ತದೆ. ಕರೆದವರು ಬರುತ್ತಾರೆ, ಕರೆಯದವರೂ ಬರುತ್ತಾರೆ.

ಕರೆಯದೆ ಬರುವವರ ಕುಶಲತೆಯನ್ನೂ ಒಂದಿಷ್ಟು ಸವಿಯದಿದ್ದರೆ ನಾನೆಂಥ ರಸಿಕ? ಸಸಿಮಡಿಯಲ್ಲಿ ಬೆಳಗಾಗುವುದರೊಳಗೆ ಪುಟ್ಟ ಸಸಿಗಳು ಮಗುಚಿ ಬಿದ್ದಿರುತ್ತವೆ. ನೆಲಮಟ್ಟದಲ್ಲಿ ಕಾಂಡ ನೀರುನೀರಾಗಿ ಸೊರಗಿರುತ್ತದೆ. ಅದು ಪಿಥಿಯಮ್ ಕೆಲಸ. ನಾವು ಅದನ್ನು ಶಿಲೀಂಧ್ರ ಎನ್ನುತ್ತೇವೆ, ನಿಜವಾಗಿ ಅದರ ನೆಂಟಸ್ತನ ಕಡಲಿನ ಕಂದುಪಾಚಿಯ ಜತೆ. ಆ ಹುಟ್ಟುಗುಣ ಇನ್ನೂ ಬಿಟ್ಟಿಲ್ಲ: ಮಡಿಯಲ್ಲಿ ನೀರು ನಿಂತರೆ ಸಾಕು, ಅದರ ಬೀಜಾಣುಗಳು ಎರಡೆರಡು ಬಾಲ ಬೀಸಿಕೊಂಡು, ಬೇರು ಒಸರಿದ ಸಿಹಿಯ ಜಾಡು ಹಿಡಿದು, ಈಜಿಕೊಂಡು ಬರುತ್ತವೆ. ಗಿಡ ದೊಡ್ಡದಾದ ಮೇಲೆ ಸೊರಗು ರೋಗದ ಫ್ಯುಸೇರಿಯಮ್ ಬೇರಿನಿಂದ ನುಗ್ಗಿ ನೀರಿನ ನಾಳಗಳನ್ನೇ ಕಟ್ಟಿಹಾಕುತ್ತದೆ. ಕಾಯಿ ಹಣ್ಣಾಗುವ ಹೊತ್ತಿಗೆ ಬರುತ್ತದೆ ಚಿಬ್ಬು ರೋಗದ ಕೊಲೆಟೊಟ್ರೈಕಮ್. ಕೊಯಮತ್ತೂರಿನ ಮೆಣಸಿನಕಾಯಿಯಿಂದ 1913ರಲ್ಲಿ ಸಿಡೊ ಎಂಬ ಶಿಲೀಂಧ್ರತಜ್ಞ ಇದನ್ನು ವರ್ಣಿಸಿದ. ಅಂದಿನಿಂದ ನಮ್ಮ ದೇಶದ ಮೆಣಸಿನ ಬೆಳೆಗಾರನ ಬಾಯಲ್ಲಿ ಇದು ಶಾಪದ ಮಾತು. ಆದರೆ ಮಸೂರದಡಿ ಆ ಚಿಬ್ಬನ್ನು ನೋಡಿದ್ದೀರಾ? ಕೆಂಪು ಸಿಪ್ಪೆ ತಗ್ಗಾಗಿ ಕುಸಿದಲ್ಲಿ ಒಂದರೊಳಗೊಂದು ವೃತ್ತ, ಪ್ರತಿ ವೃತ್ತದ ಮೇಲೆ ಕರಿಚುಕ್ಕೆಗಳು, ಪ್ರತಿ ಚುಕ್ಕೆಯಿಂದ ಮೇಲೆದ್ದ ನವಿರಾದ ಕರಿಮುಳ್ಳುಗಳು, ಮುಳ್ಳುಗಳ ನಡುವೆ ತೇವದಲ್ಲಿ ತೊಯ್ದ ನಸುಗುಲಾಬಿ ಬೀಜಾಣುರಾಶಿ. ಅಷ್ಟು ಅಚ್ಚುಕಟ್ಟಾಗಿ ಹಾಳು ಮಾಡುವ ರೋಗ ಇನ್ನೊಂದಿಲ್ಲ. ಕೊನೆಗೆ ಕಾಯಿ ಬಣ್ಣ ಕಳೆದುಕೊಂಡು ಒಣಹುಲ್ಲಿನ ಬಿಳುಪಿಗೆ ತಿರುಗುತ್ತದೆ, ಮಾರುಕಟ್ಟೆಯಲ್ಲಿ ಆರಿಸಿ ಬದಿಗೆ ಎಸೆಯುತ್ತಾರೆ. ಬಣ್ಣವನ್ನೇ ನಂಬಿ ಬದುಕುವ ಕಾಯಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಕಳ್ಳತನದ ಇನ್ನೊಂದು ಬಗೆಯೂ ಆ ಶಿಲೀಂಧ್ರಕ್ಕೆ ಗೊತ್ತು: ಬೀಜದೊಳಗೆ ಅಡಗಿ ಮುಂದಿನ ವರ್ಷದ ಮಡಿಗೂ ಬಂದುಬಿಡುತ್ತದೆ.

ಈಗ ಕರೆದದ್ದಕ್ಕೆ ಬಂದವರ ಕಡೆಗೆ ಬರೋಣ.

ಮೊದಲಿಗೆ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಇಷ್ಟು ಒಯ್ಯಾರದ್ದು ಮತ್ತೊಂದನ್ನು ನಾನು ಕಂಡಿಲ್ಲ. ಪುಟ್ಟ ಕಡ್ಡಿಯಾಕಾರ, ಒಂದು ತುದಿಯಲ್ಲಿ ಬಾಲಗಳ ಕುಚ್ಚು, ಬೇರಿನ ಒಸರು ಎತ್ತ ದಟ್ಟವಾಗುತ್ತದೋ ಅತ್ತ ಓಟ. ಇದನ್ನು ಬೆಳೆಸಲು ಪ್ರಯೋಗಾಲಯದಲ್ಲಿ ಕಿಂಗ್ಸ್ ಬಿ ಎಂಬ ಮಾಧ್ಯಮ ಬಳಸುತ್ತಾರೆ. 1954ರಲ್ಲಿ ಕಿಂಗ್ ಮತ್ತು ಸಂಗಡಿಗರು ರೂಪಿಸಿದ್ದು. ಅದರಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಗಾಜಿನ ತಟ್ಟೆಯಲ್ಲಿ ಗೆರೆ ಎಳೆದು ಎರಡು ರಾತ್ರಿ ಬಿಟ್ಟರೆ ಹಗಲು ಬೆಳಕಿನಲ್ಲಿ ಕಾಣುವುದು ಮಾಸಲು ಬಣ್ಣದ, ನುಣುಪಾದ, ಒದ್ದೆಯೊದ್ದೆ ಚುಕ್ಕೆಗಳ ಸಾಲು, ಸುತ್ತ ತೀರಾ ಎಳೆಯದಾದ ಹಸಿರು ಛಾಯೆ. ಇಷ್ಟೇನಾ ಎನಿಸಬಹುದು. ಕೋಣೆಯ ದೀಪ ಆರಿಸಿ, ನೇರಳಾತೀತ ದೀಪ ಹಚ್ಚಿ, ತಟ್ಟೆಯನ್ನು ಅದರ ಕೆಳಗೆ ಸರಿಸಿ.

ಹಳದಿ. ಅಲ್ಲ, ಹಸಿರು. ಅಲ್ಲ, ಎರಡಕ್ಕೂ ನಡುವಿನ ಒಂದು ಎಳೆ ಹೊಳಪು, ಚುಕ್ಕೆಗಳಿಂದ ಹೊರಟು ಮಾಧ್ಯಮದ ಉದ್ದಗಲಕ್ಕೂ ಮೆಲ್ಲಗೆ ಹಬ್ಬಿ, ಅಂಚಿಗೆ ಬಂದು ಕರಗುತ್ತದೆ. ನಾನು ಎಷ್ಟು ಸಲ ನೋಡಿದರೂ ಆ ಕ್ಷಣದಲ್ಲಿ ಮಾತು ನಿಲ್ಲಿಸುತ್ತೇನೆ.

ಹೊಳೆಯುವುದು ಬ್ಯಾಕ್ಟೀರಿಯಾ ಅಲ್ಲ, ಅದು ಹೊರಗೆ ಕಳುಹಿಸಿದ ಪಯೋವರ್ಡಿನ್ ಎಂಬ ವಸ್ತು. ಅದರ ಕೆಲಸ ಕಬ್ಬಿಣ ಹುಡುಕುವುದು. ಭೂಮಿಯಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ಅದು ಕರಗದ ರೂಪದಲ್ಲಿ ಸೆರೆ ಬಿದ್ದಿರುತ್ತದೆ. ಎರೆಹೊಲದಂಥ ಸುಣ್ಣದಂಶದ, ಕ್ಷಾರಗುಣದ ಮಣ್ಣಿನಲ್ಲಂತೂ ಇನ್ನೂ ಬಿಗಿ. ಜೀವವಿರುವ ಪ್ರತಿಯೊಂದಕ್ಕೂ ಕಬ್ಬಿಣ ಬೇಕು, ಪಿಥಿಯಮ್‌ಗೂ ಬೇಕು, ಫ್ಯುಸೇರಿಯಮ್‌ಗೂ ಬೇಕು. ಪಯೋವರ್ಡಿನ್ ಸಿಕ್ಕಿದ ಕಬ್ಬಿಣವನ್ನು ಎಷ್ಟು ಭದ್ರವಾಗಿ ಹಿಡಿಯುತ್ತದೆಂದರೆ ಶಿಲೀಂಧ್ರ ಬಿಟ್ಟ ಹಿಡಿಕೆಗಳು ಅದರ ಮುಂದೆ ಸಡಿಲ. ಹಾಗೆ ಹಿಡಿದುದನ್ನು ಮರಳಿ ಒಳಗೆ ತೆಗೆದುಕೊಳ್ಳುವ ಬಾಗಿಲು ಸ್ಯೂಡೊಮೊನಾಸ್‌ನ ಮೈಯಲ್ಲಿದೆ, ಶಿಲೀಂಧ್ರದ ಮೈಯಲ್ಲಿಲ್ಲ. ಕೊಲ್ಲಲಿಲ್ಲ, ವಿಷ ಹಾಕಲಿಲ್ಲ. ಊಟದ ತಟ್ಟೆಯನ್ನು ಮುಂದಿನಿಂದ ಸರಿಸಿದ್ದಷ್ಟೇ. 1980ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕ್ಲೋಪರ್ ಮತ್ತು ಸಂಗಡಿಗರು ಈ ಸೂಕ್ಷ್ಮವನ್ನು ತೋರಿಸಿಕೊಟ್ಟರು. ನನಗೆ ಅತಿ ಪ್ರಿಯವಾದದ್ದು ಇದರ ಇನ್ನೊಂದು ಗುಟ್ಟು: ಬರಿಗೈಲಿದ್ದಾಗ ಮಾತ್ರ ಪಯೋವರ್ಡಿನ್ ಹೊಳೆಯುತ್ತದೆ. ಕಬ್ಬಿಣ ಕೈಗೆ ಬಂತೋ, ಹೊಳಪು ಆರಿಹೋಗುತ್ತದೆ. ಕತ್ತಲ ಕೋಣೆಯಲ್ಲಿ ನಾವು ಕಣ್ತುಂಬ ನೋಡುವುದು ಅದರ ಹುಡುಕಾಟವನ್ನು.

ಇಷ್ಟು ಹೇಳಿದ ಮೇಲೂ ನನ್ನ ಪಕ್ಷಪಾತ ಬೇರೆ ಕಡೆಗಿದೆ. ಬ್ಯಾಸಿಲಸ್ ಸಬ್ಟಿಲಿಸ್ ಎಂದರೆ ನನಗೆ ಒಂದು ತೂಕ ಹೆಚ್ಚೇ. 1835ರಲ್ಲಿ ಎರೆನ್‌ಬರ್ಗ್ ಇದನ್ನು ಬೇರೊಂದು ಹೆಸರಿನಿಂದ ಗುರುತಿಸಿದ್ದ, 1872ರಲ್ಲಿ ಫರ್ಡಿನಾಂಡ್ ಕೋನ್ ಈಗಿನ ಹೆಸರು ಕೊಟ್ಟ. ಒಣಹುಲ್ಲಿನಲ್ಲಿ, ಮಣ್ಣಿನಲ್ಲಿ, ಸಗಣಿಯಲ್ಲಿ ಎಲ್ಲೆಲ್ಲೂ ಇರುವ ಸಾಮಾನ್ಯ ಜೀವಿ. ಸ್ಯೂಡೊಮೊನಾಸ್‌ನ ಥಳಕು ಇದಕ್ಕಿಲ್ಲ. ಇದರ ಚೆಲುವು ಕಾಣಬೇಕೆಂದರೆ ಕಾಯಬೇಕು.

ಹೊಲದಿಂದ ತಂದ ತಳಿಯ ಒಂದು ಹನಿಯನ್ನು ತಟ್ಟೆಯ ನಡುವೆ ಇಟ್ಟು ನೋಡುತ್ತ ಹೋಗಿ. ಮೊದಲ ದಿನ ಬರೀ ಒಂದು ಮಂಕು ಬಿಳಿ ಬಿಲ್ಲೆ. ಮರುದಿನ ಅದರ ಮೈ ದಪ್ಪಗಾಗುತ್ತದೆ, ಒಳಗಿಂದ ಏನೋ ತಳ್ಳುತ್ತಿರುವಂತೆ ನಡುವೆ ಒಂದು ಏಣು ಏಳುತ್ತದೆ. ಅದರ ಪಕ್ಕ ಇನ್ನೊಂದು. ಏಣುಗಳು ಕವಲೊಡೆಯುತ್ತವೆ, ಕೂಡುತ್ತವೆ, ಹೊರ ಅಂಚಿನತ್ತ ಎಳೆಎಳೆಯಾಗಿ ಚಾಚುತ್ತವೆ. ಮೂರನೆಯ ದಿನಕ್ಕೆ ನಿಮ್ಮ ಮುಂದಿರುವುದು ನೆರಿಗೆ ನೆರಿಗೆಯಾಗಿ ಮುದುರಿದ, ಒರಟೂ ಅಲ್ಲದ ನುಣುಪೂ ಅಲ್ಲದ, ಬೆಳಕನ್ನು ಹೀರಿಕೊಳ್ಳುವ ಒಂದು ಸಿಪ್ಪೆ. ಬಣ್ಣವೊಂದನ್ನು ಬಿಟ್ಟರೆ ಅದು ಥೇಟ್ ಒಣಗಿದ ಬ್ಯಾಡಗಿ ಡಬ್ಬಿಯ ಮೈ. ಅದೇ ಆಳದ ಸುಕ್ಕು, ಅದೇ ಏಣಿನ ಅಂಕುಡೊಂಕು. ಮೇಲೆ ಕಾಯಿ ಕಟ್ಟಿಕೊಂಡ ನೆರಿಗೆಯನ್ನೇ ಕೆಳಗೆ ಬೇರಿನ ಕಾವಲುಗಾರನೂ ಕಟ್ಟಿಕೊಂಡಿದ್ದಾನೆ ಎಂಬುದು ಬರೀ ಕಾಕತಾಳೀಯ, ಗೊತ್ತು. ಆದರೂ ಈ ಸುಖವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ನೆರಿಗೆ ಅಲಂಕಾರಕ್ಕಲ್ಲ. ಕೋಟಿಗಟ್ಟಲೆ ಕೋಶಗಳು ಸಕ್ಕರೆಯ ಸರಪಳಿ, ಪ್ರೋಟೀನಿನ ನಾರು ಸೇರಿಸಿ ನೇಯ್ದ ಒಂದೇ ಹೊದಿಕೆ ಅದು. ಹೊದಿಕೆಯೊಳಗೆ ಕೆಲವು ಕಡೆ ಕೋಶಗಳು ಸಾಯುತ್ತವೆ. ಅಲ್ಲಿ ಮೈ ಸಡಿಲವಾಗಿ, ಸುತ್ತಲಿನ ಒತ್ತಡಕ್ಕೆ ಮೇಲೆ ಮಡಚಿಕೊಳ್ಳುತ್ತದೆ. ಮಡಿಕೆಯ ಕೆಳಗೆ ಉಳಿದ ಟೊಳ್ಳಿನಲ್ಲಿ ನೀರು, ಆಹಾರ ಹರಿದಾಡುತ್ತವೆ. ಸತ್ತವರ ಜಾಗದಲ್ಲಿ ಬದುಕಿದವರಿಗೆ ಕಾಲುವೆ! ಹೊದಿಕೆಯ ಮೇಲೆ ಇನ್ನೊಂದು ಪ್ರೋಟೀನಿನ ತೆಳುಲೇಪ. ಅದರ ಮೇಲೊಂದು ಹನಿ ನೀರು ಬಿಟ್ಟು ನೋಡಿ, ಹನಿ ಒಳಗಿಳಿಯುವುದಿಲ್ಲ. ದುಂಡಗೆ, ತುಂಬಿಕೊಂಡು, ಕೂತಲ್ಲೇ ಕೂತಿರುತ್ತದೆ. ದಶಕಗಟ್ಟಲೆ ಪ್ರಯೋಗಾಲಯದಲ್ಲಿ ಸಾಕಿ ಸಲಹಿದ ತಳಿಗಳು ಈ ವಿದ್ಯೆಯನ್ನು ಮರೆತಿವೆ. ಅವು ಬೆಳೆದರೆ ಚಪ್ಪಟೆ, ನುಣುಪು, ನೀರಸ. ಮೆಣಸಿನ ದಾಯಾದಿಯಾದ ಟೊಮೆಟೊದ ಬೇರಿನ ಮೇಲೆ ನಡೆದ ಪ್ರಯೋಗಗಳಲ್ಲಿ ಹೊದಿಕೆ ನೇಯಲಾರದ ತಳಿಗಳು ಬ್ಯಾಕ್ಟೀರಿಯಾ ತರುವ ಸೊರಗು ರೋಗದಿಂದ ಗಿಡವನ್ನು ಕಾಯುವುದರಲ್ಲೂ ಹಿಂದೆ ಬಿದ್ದವು. ಹೊಲದ ಒರಟುತನ ಕಳೆದುಕೊಂಡರೆ ಕಸುಬೂ ಹೋಗುತ್ತದೆ ನೋಡಿ.

ಬೇರಿನ ಮೇಲೆ ಈ ಹೊದಿಕೆ ತಟ್ಟೆಯಲ್ಲಿದ್ದಷ್ಟು ವೈಭವದಿಂದ ಇರುವುದಿಲ್ಲ. ಬೇರಿನ ಕೋಶಗಳ ನಡುವಿನ ಸಂದುಗಳಲ್ಲಿ, ಕವಲೊಡೆಯುವ ತಾವಿನಲ್ಲಿ, ಒಸರು ಹೆಚ್ಚಿರುವಲ್ಲಿ ತೇಪೆ ತೇಪೆಯಾಗಿ ಕೂರುತ್ತದೆ. ಶಿಲೀಂಧ್ರ ನುಗ್ಗಲು ಹುಡುಕುವುದೂ ಅದೇ ಸಂದುಗಳನ್ನು. ಬಂದವನಿಗೆ ಜಾಗ ಇಲ್ಲ, ಊಟವೂ ಇಲ್ಲ.

ಇನ್ನು ಬ್ಯಾಸಿಲಸ್‌ನ ಆಯುಧಗಳು. ಸರ್ಫ್ಯಾಕ್ಟಿನ್, ಇಟ್ಯುರಿನ್, ಫೆಂಗಿಸಿನ್ ಎಂಬ ಮೂರು ಬಳಗ. ಅಮೈನೋ ಆಮ್ಲಗಳನ್ನು ಉಂಗುರವಾಗಿ ಕೂಡಿಸಿ, ಅದಕ್ಕೊಂದು ಕೊಬ್ಬಿನ ಬಾಲ ಸಿಕ್ಕಿಸಿದ ಅಣುಗಳು ಇವು. ಸರ್ಫ್ಯಾಕ್ಟಿನ್ ಹೆಸರಾದ ನೊರೆಗಾರ: ನೀರಿನ ಮೇಲ್ಮೈ ಎಳೆತವನ್ನು ಮೀಟರಿಗೆ 72 ಮಿಲಿನ್ಯೂಟನ್‌ನಿಂದ 27ಕ್ಕೆ ಇಳಿಸಿಬಿಡುತ್ತದೆ, ನೀರು ಹರಡಿಕೊಳ್ಳುತ್ತದೆ, ಅದರ ಜತೆ ಬ್ಯಾಕ್ಟೀರಿಯಾವೂ ಬೇರಿನುದ್ದಕ್ಕೆ ಜಾರುತ್ತದೆ. ಇಟ್ಯುರಿನ್ ಇನ್ನೂ ನಯಗಾರ. ಅದರ ಉಂಗುರದಲ್ಲಿ 7 ಅಮೈನೋ ಆಮ್ಲಗಳು. ಶಿಲೀಂಧ್ರದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಕೊಬ್ಬಿದೆ. ಇಟ್ಯುರಿನ್ ಅಲ್ಲಿ ಬಾಲ ತೂರಿಸಿ, ತನ್ನಂಥವರನ್ನು ಗುಂಪುಗೂಡಿಸಿ, ತೂತು ಕೊರೆಯುತ್ತದೆ. ಮೆಣಸಿನ ಗಿಡದ ಪೊರೆಯ ಕೊಬ್ಬು ಬೇರೆ ಜಾತಿಯದು, ಹಾಗಾಗಿ ಗಿಡಕ್ಕೆ ಈ ಕಾಟವಿಲ್ಲ.

ಇದನ್ನು ಕಣ್ಣಾರೆ ಕಾಣುವ ಬಗೆ ಒಂದಿದೆ. ಆಲೂಗಡ್ಡೆ ಬೇಯಿಸಿದ ನೀರು, ಗ್ಲೂಕೋಸ್, ಅಗರ್ ಸೇರಿಸಿ ಮಾಡಿದ ತಟ್ಟೆಯ ಒಂದು ಬದಿಗೆ ಚಿಬ್ಬಿನ ಶಿಲೀಂಧ್ರದ ತುಣುಕು, ಇನ್ನೊಂದು ಬದಿಗೆ ಬ್ಯಾಸಿಲಸ್‌ನ ಗೆರೆ. ಶಿಲೀಂಧ್ರ ಬೂದುಬಣ್ಣದ ನವಿರು ಜೂಲು ಬಿಟ್ಟುಕೊಂಡು ಗುಂಡಗೆ ಹರಡುತ್ತ ಬರುತ್ತದೆ. ಬರುತ್ತ, ಬರುತ್ತ, ಗೆರೆ ಇನ್ನೂ ಒಂದಿಷ್ಟು ದೂರ ಇರುವಾಗಲೇ ನಿಲ್ಲುತ್ತದೆ. ಗುಂಡಗಿದ್ದ ಅಂಚು ಆ ಬದಿಯಲ್ಲಿ ನೇರವಾಗುತ್ತದೆ, ಆಮೇಲೆ ಒಳಕ್ಕೆ ಬಾಗುತ್ತದೆ. ಇಬ್ಬರ ನಡುವೆ ಏನೂ ಬೆಳೆಯದ, ನಿಚ್ಚಳವಾದ, ಪಾರದರ್ಶಕ ಪಟ್ಟಿ. ಅಂಚಿನ ಎಳೆಯೊಂದನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರೆ ನೀಳವಾಗಿ ಚಾಚಬೇಕಿದ್ದ ತುದಿಗಳು ಗಂಟುಗಂಟಾಗಿ ಊದಿಕೊಂಡಿರುತ್ತವೆ. ಸಂಶೋಧನಾ ವಿದ್ಯಾರ್ಥಿಗಳು ಈ ಪಟ್ಟಿಯನ್ನು ಮಿಲಿಮೀಟರಿನಲ್ಲಿ ಅಳೆದು ಕೋಷ್ಟಕ ತುಂಬುತ್ತಾರೆ. ಅಳೆಯಲಿ. ಆದರೆ ತಟ್ಟೆಯಲ್ಲಿ ಅಗಲ ಪಟ್ಟಿ ಬಿಟ್ಟದ್ದು ಹೊಲದಲ್ಲೂ ಗೆದ್ದೇ ಗೆಲ್ಲುತ್ತದೆ ಎಂದೇನಿಲ್ಲ, ಬೇರಿಗೆ ಒಗ್ಗಿಕೊಂಡು ಉಳಿಯುವ ಗುಣ ಅದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಇವೆಲ್ಲ ಬೇರಿನ ಸುತ್ತ ನಡೆಯುವ ಮಾತಾಯಿತು. ಕಾಯಿಯ ಚಿಬ್ಬಿಗೂ ನೆಲದೊಳಗಿನ ಬ್ಯಾಕ್ಟೀರಿಯಾಕ್ಕೂ ಏನು ಸಂಬಂಧ ಎಂದು ಕೇಳುವವರುಂಟು. ಇಲ್ಲಿ ಕಥೆ ಇನ್ನೂ ರುಚಿಯಾಗುತ್ತದೆ. 1991ರಲ್ಲಿ ಎರಡು ಕಡೆ, ಬೇರೆ ಬೇರೆಯಾಗಿ, ಒಂದೇ ಸಂಗತಿ ಹೊರಬಿತ್ತು. ನೆದರ್ಲೆಂಡ್ಸ್‌ನಲ್ಲಿ ಕಾರ್ನೇಶನ್ ಹೂವಿನ ಗಿಡದ ಬೇರಿಗೆ ಸ್ಯೂಡೊಮೊನಾಸ್ ಹಚ್ಚಿ, ಅದು ತಲುಪದಷ್ಟು ಮೇಲೆ ಕಾಂಡದೊಳಕ್ಕೆ ಫ್ಯುಸೇರಿಯಮ್ ಸೇರಿಸಿದರೂ ಗಿಡ ತಡೆದುಕೊಂಡಿತು. ಅಮೆರಿಕದ ಅಲಬಾಮಾದಲ್ಲಿ ಸೌತೆಬೀಜಕ್ಕೆ ಬ್ಯಾಕ್ಟೀರಿಯಾ ಹಚ್ಚಿ ಬಿತ್ತಿ, ಬೆಳೆದ ಗಿಡದ ಎಲೆಗೆ ಚಿಬ್ಬಿನ ಶಿಲೀಂಧ್ರ ಸಿಂಪಡಿಸಿದರೆ ಮಚ್ಚೆಗಳು ಕಡಿಮೆಯಾದವು. ಆ ಶಿಲೀಂಧ್ರ ನಮ್ಮ ಮೆಣಸಿನಕಾಯಿ ಕೆಡಿಸುವ ಕೊಲೆಟೊಟ್ರೈಕಮ್‌ನ ಒಡಹುಟ್ಟು. ಕಾವಲುಗಾರ ಬೇರಿನಲ್ಲಿ, ಕಳ್ಳ ಎಲೆಯಲ್ಲಿ. ಇಬ್ಬರೂ ಮುಖಾಮುಖಿ ಆಗಿಯೇ ಇಲ್ಲ. ಹಾಗಾದರೆ ತಡೆದವರು ಯಾರು? ಗಿಡವೇ. ಬೇರಿನ ಮೇಲೆ ಕೂತ ಬ್ಯಾಕ್ಟೀರಿಯಾದ ಸ್ಪರ್ಶಮಾತ್ರದಿಂದ ಗಿಡದೊಳಗೆ ಜಾಸ್ಮೋನಿಕ್ ಆಮ್ಲ, ಎಥಿಲೀನ್ ಮೂಲಕ ಸುದ್ದಿ ಮೇಲಕ್ಕೆ ಹೋಗುತ್ತದೆ. ಗಿಡ ಆ ಕೂಡಲೇ ಕತ್ತಿ ಹಿರಿದು ನಿಲ್ಲುವುದಿಲ್ಲ, ಹಾಗೆ ನಿಂತರೆ ಬೆಳೆಯಲು ಶಕ್ತಿ ಉಳಿಯುವುದಿಲ್ಲ. ಎಚ್ಚರವಾಗಿರುತ್ತದೆ, ಅಷ್ಟೆ. ಶಿಲೀಂಧ್ರ ನಿಜವಾಗಿ ಬಂದಾಗ, ಮಿಕ್ಕ ಗಿಡಗಳು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಇದು ಗೋಡೆ ದಪ್ಪ ಮಾಡಿಕೊಂಡು, ಶಿಲೀಂಧ್ರದ ಮೈಯನ್ನೇ ಕರಗಿಸುವ ಕಿಣ್ವಗಳನ್ನು ಸಿದ್ಧಮಾಡಿಕೊಂಡಿರುತ್ತದೆ. ಈ ಮಿತವ್ಯಯದ ಸೊಗಸಿಗೆ ನಾನು ಮನಸೋತವನು.

ಇಷ್ಟೆಲ್ಲ ನಾಜೂಕು ರೈತರ ಕೈಗೆ ಬರುವುದು ಒಂದು ಪೊಟ್ಟಣ ಬಿಳಿಪುಡಿಯಾಗಿ. ಟಾಲ್ಕ್ ಪುಡಿಗೆ ಬ್ಯಾಕ್ಟೀರಿಯಾ ಬೆಳೆಸಿದ ದ್ರವ ಬೆರೆಸಿ, ಅಂಟಿಗೆ ಸ್ವಲ್ಪ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಕೂಡಿಸಿ, ನೆರಳಲ್ಲಿ ಒಣಗಿಸಿದ್ದು. ಒಳ್ಳೆಯ ಪುಡಿಯಲ್ಲಿ ಗ್ರಾಂ ಒಂದಕ್ಕೆ 10 ಕೋಟಿಯಷ್ಟಾದರೂ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಬೆರಳ ನಡುವೆ ತಿಕ್ಕಿದರೆ ರೇಷ್ಮೆನಯ, ತಣ್ಣನೆಯ ಜಾರು, ಗಾಳಿಗೆ ಹಗುರಾಗಿ ಏಳುವ ಧೂಳು. ಮೂಗಿಗೆ ಹಿಡಿದರೆ ಹಸಿಮಣ್ಣೂ ಅಲ್ಲದ ಹಿಟ್ಟೂ ಅಲ್ಲದ ಒಂದು ಸಪ್ಪೆ ವಾಸನೆ.

ಬೀಜೋಪಚಾರ ನೋಡುವುದೇ ಒಂದು ಸಂತೋಷ. ಮೆಣಸಿನ ಬೀಜ ಚಪ್ಪಟೆ, ತಿಳಿಹಳದಿ, ಹಗುರ. ಕೆ.ಜಿ. ಬೀಜಕ್ಕೆ 10 ಗ್ರಾಂ ಪುಡಿ. ಮೊದಲು ಆರಿದ ಅಕ್ಕಿಗಂಜಿಯ ತಿಳಿಯನ್ನು ಚಿಮುಕಿಸಿ ಬೀಜ ತೇವ ಮಾಡಬೇಕು, ತೊಯ್ಯಿಸಬಾರದು. ಆಮೇಲೆ ಪುಡಿ ಉದುರಿಸಿ ಬೊಗಸೆಯಲ್ಲಿ ಎತ್ತಿ ಎತ್ತಿ ಬಿಡಬೇಕು, ತಿಕ್ಕಬಾರದು. ಕುಂದಗೋಳದ ಕಡೆಯ ಹೊಲವೊಂದರಲ್ಲಿ ಈ ಕೆಲಸ ಮಾಡುತ್ತಿದ್ದ ಹಿರಿಯಕ್ಕನ ಕೈಚಳಕ ನನ್ನ ಕಣ್ಣಲ್ಲಿದೆ. ಬೀಜ ಅವರ ಬೆರಳ ಸಂದಿಯಿಂದ ಸರಸರ ಇಳಿದು, ಮತ್ತೆ ಬೊಗಸೆಗೆ ಬಂದು, ನಾಲ್ಕಾರು ಸುತ್ತಿನಲ್ಲಿ ಒಂದೊಂದಕ್ಕೂ ತೆಳುಬಿಳಿ ಹತ್ತಿಕೊಂಡಿತು. ಒಣಗಿಸಲು ಬಿಸಿಲಿಗೆ ಇಡುವುದಾ ಎಂದು ಯಾರೋ ಕೇಳಿದರು. ‘ಬಿಸಲಾಗ ಇಟ್ರ ಸಾಯ್ತಾವ್ರೀ ಅವು. ನೆಳ್ಳಾಗ ಇಡ್ರಿ, ಜೀವ ಅದಾವ ಅದರಾಗ’ ಎಂದರು. ಪುಡಿಯೊಳಗೆ ಜೀವ ಇದೆ ಎಂಬ ಅರಿವಿನಿಂದ ಆಡಿದ ಆ ಕೈಗಳಿಗೆ ಯಾವ ಸೂಕ್ಷ್ಮದರ್ಶಕವೂ ಬೇಕಿರಲಿಲ್ಲ.

ನಾಟಿಗೆ ಮುಂಚೆ ಸಸಿಯ ಬೇರನ್ನು ಲೀಟರ್ ನೀರಿಗೆ 10 ಗ್ರಾಂ ಪುಡಿ ಕದಡಿದ ದ್ರಾವಣದಲ್ಲಿ ಅದ್ದಿಡುವುದುಂಟು. ಹೊಲಕ್ಕಾದರೆ ಹೆಕ್ಟೇರಿಗೆ 2.5 ಕೆ.ಜಿ. ಪುಡಿಯನ್ನು 50 ಕೆ.ಜಿ. ಕಳಿತ ತಿಪ್ಪೆಗೊಬ್ಬರಕ್ಕೆ ಬೆರೆಸಿ ಹಾಕುತ್ತಾರೆ. ಜಾಣರು ಆ ಗೊಬ್ಬರವನ್ನು ಕೂಡಲೇ ಹಾಕುವುದಿಲ್ಲ; ನೆರಳಲ್ಲಿ ಗುಡ್ಡೆ ಮಾಡಿ, ಹಸಿ ಗೋಣಿ ಹೊದಿಸಿ, ಹತ್ತು ಹದಿನೈದು ದಿನ ಮಾಗಲು ಬಿಡುತ್ತಾರೆ. ಗೋಣಿ ಸರಿಸಿದಾಗ ಏಳುವ ಬೆಚ್ಚನೆಯ, ಗಾಢವಾದ, ಮಳೆಗಾಲದ ಕಾಡಿನೊಳಗಿನ ಗಂಧವನ್ನು ಅತ್ತರಿನವರು ಶೀಶೆಗೆ ತುಂಬಿ ಮಾರಿದರೆ ಕೊಳ್ಳುವವರಲ್ಲಿ ಮೊದಲಿಗ ನಾನು. ಮೆಣಸಿನ ಜತೆ ಹತ್ತಿ, ಉಳ್ಳಾಗಡ್ಡಿ ಹಾಕುವ ನಮ್ಮ ಸೀಮೆಯ ಹೊಲದಲ್ಲಿ ಈ ಗೊಬ್ಬರ ಅವಕ್ಕೂ ಸಿಗುತ್ತದೆ, ಸಿಗಲಿ.

ಮೆಚ್ಚಿದ್ದರ ಮಿತಿ ಗೊತ್ತಿರಬೇಕಾದ್ದು ರಸಿಕನ ಧರ್ಮ. ಎಲೆ ಮುಟುರುವ ರೋಗಕ್ಕೆ ಇವು ಮದ್ದಲ್ಲ, ಅದು ನುಸಿ, ವೈರಸ್‌ಗಳ ಕಾರುಬಾರು. ಕಾಯಿ ಹಣ್ಣಾಗುವಾಗ ಜಡಿಮಳೆ ಹಿಡಿದರೆ ಚಿಬ್ಬಿನ ಎದುರು ಬೇರಿನ ಕಾವಲುಗಾರ ಒಬ್ಬನೇ ಸಾಲುವುದಿಲ್ಲ. ಮೈಲುತುತ್ತು ಸಿಂಪಡಿಸಿದ ಕೈಯಲ್ಲೇ ಈ ಪುಡಿ ಬೆರೆಸುವುದು, ಬ್ಯಾಕ್ಟೀರಿಯಾ ಕೊಲ್ಲಲೆಂದೇ ಇರುವ ಸ್ಟ್ರೆಪ್ಟೊಸೈಕ್ಲಿನ್ ಜತೆ ಒಂದೇ ಟ್ಯಾಂಕಿಗೆ ಸುರಿಯುವುದು ಕರೆದ ನೆಂಟರಿಗೆ ವಿಷ ಬಡಿಸಿದ ಹಾಗೆ. ಸ್ಯೂಡೊಮೊನಾಸ್‌ಗೆ ಬೀಜಾಣು ಕಟ್ಟುವ ಶಕ್ತಿ ಇಲ್ಲ, ಹೀಗಾಗಿ ಅದರ ಪುಡಿಗೆ ಕೆಲವೇ ತಿಂಗಳ ಆಯುಸ್ಸು. ತಗಡಿನ ಮಾಡಿನ ಕೆಳಗೆ ಬೇಸಿಗೆಯಿಡೀ ಬೆಂದ ಪೊಟ್ಟಣಗಳನ್ನು ಮಾರುವ ಅಂಗಡಿಗಳನ್ನು ನಾನು ಬಲ್ಲೆ. ಅಲ್ಲಿ ದುಡ್ಡು ಕೊಟ್ಟರೆ ಸಿಗುವುದು ಬರೀ ಟಾಲ್ಕ್. ತಯಾರಿಸಿದ ತಾರೀಕು ನೋಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಹೊಸದಾಗಿ ಮಾಡಿದ್ದು ಸಿಕ್ಕರೆ ಅದನ್ನೇ ತನ್ನಿ.

ಬ್ಯಾಸಿಲಸ್‌ಗೆ ಆ ಹೆದರಿಕೆಯಿಲ್ಲ. ಕಷ್ಟಕಾಲ ಬಂದರೆ ಏಳೆಂಟು ತಾಸಿನಲ್ಲಿ ತನ್ನೊಳಗೇ ಒಂದು ಬೀಜಾಣು ಕಟ್ಟಿ, ಪದರದ ಮೇಲೆ ಪದರ ಸುತ್ತಿ, ಹೊರಮೈ ಕಳಚಿ ಮಲಗಿಬಿಡುತ್ತದೆ. ಒಣಗಿಸಿ, ಏನಾಗದು. ಕುದಿಸಿ, ಬೇಗ ಸಾಯದು. 1876ರಲ್ಲಿ ಫರ್ಡಿನಾಂಡ್ ಕೋನ್ ಈ ಬೀಜಾಣುಗಳನ್ನು ಗುರುತಿಸಿದ್ದು ಕುದಿಸಿದ ಹುಲ್ಲಿನ ಕಷಾಯದಲ್ಲೇ. ಒಣಮೆಣಸಿನ ಪುಡಿಯನ್ನು ಪರೀಕ್ಷೆಗೆ ಹಾಕಿದವರಿಗೆ ಬ್ಯಾಸಿಲಸ್ ಕುಲದ ಬೀಜಾಣುಗಳು ಸಿಗುವುದು ಮಾಮೂಲು. ಆಹಾರ ತಪಾಸಣೆಯವರಿಗೆ ಅದು ತಲೆನೋವು. ಆ ಕುಲದಲ್ಲಿ ಹೊಟ್ಟೆ ಕೆಡಿಸುವವರೂ ಇದ್ದಾರೆ, ಅವರ ಎಚ್ಚರ ಸರಿಯೇ.

ನನ್ನ ಮಾತು ಅತಿಯಾಯಿತು ಎನಿಸಿದವರು ಕೋನ್ ಮಾಡಿದ್ದನ್ನೇ ಮನೆಯಲ್ಲಿ ಮಾಡಿ ನೋಡಬಹುದು. ಹಿಡಿ ಒಣಹುಲ್ಲನ್ನು ಸಣ್ಣಗೆ ಕತ್ತರಿಸಿ, ನೀರಲ್ಲಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ತೆಳುಬಟ್ಟೆ ಕಟ್ಟಿ ಬೆಚ್ಚಗಿನ ಮೂಲೆಯಲ್ಲಿಡಿ. ಮಿಕ್ಕವೆಲ್ಲ ಕುದಿತದಲ್ಲಿ ಹೋಗಿರುತ್ತವೆ, ಈ ಬಳಗ ಉಳಿದಿರುತ್ತದೆ. ಎರಡು ಮೂರು ದಿನದಲ್ಲಿ ಮೇಲೆ ಬೂದುಬಿಳಿಯ ಪೊರೆ ಕಟ್ಟುತ್ತದೆ. ಲೋಟವನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ಪೊರೆಯ ಮೈ ನೋಡಿ, ಕಡ್ಡಿಯಿಂದ ಮೆಲ್ಲಗೆ ತಾಕಿಸಿ. ಕುಡಿಯಲು ಹೋಗಬೇಡಿ, ಕೈ ತೊಳೆದುಕೊಳ್ಳಿ. ಲೋಟ ಅಡುಗೆಮನೆಯದಾಗಿದ್ದರೆ ಮನೆಯವರ ಬೈಗುಳಕ್ಕೆ ನಾನು ಹೊಣೆಯಲ್ಲ.